ಮೆಥೊಟ್ರೆಕ್ಸೇಟ್ ಚೀಟಿ ಕೈಯಲ್ಲಿದೆ, ನುಂಗಲು ಭಯ

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಐದು ತಿಂಗಳಿಂದ ಎರಡೂ ಕೈಗಳ ತೋರುಬೆರಳು, ನಡುಬೆರಳುಗಳ ಬುಡದ ಗೆಣ್ಣು ಮತ್ತು ಮಣಿಕಟ್ಟು ಊದಿಕೊಂಡಿವೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುವುದಿಲ್ಲ, ಕೈ ಸಡಿಲವಾಗಲು ಒಂದೂವರೆ ಗಂಟೆ ಬೇಕು. ಹಾಸಿಗೆಯಿಂದ ಇಳಿದರೆ ಜಲ್ಲಿಕಲ್ಲಿನ ಮೇಲೆ ಕಾಲಿಟ್ಟ ಹಾಗಾಗುತ್ತದೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್, ಆಂಟಿ-ಸಿಸಿಪಿ 180 (20ರೊಳಗಿರಬೇಕಂತೆ), ಇಎಸ್‌ಆರ್ 62, ಯೂರಿಕ್ ಆಮ್ಲ 4.8. ಎಕ್ಸ್-ರೇಯಲ್ಲಿ ಏನೂ ಇಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೇಳಿ ಮೆಥೊಟ್ರೆಕ್ಸೇಟ್ 15 ಮಿ.ಗ್ರಾಂ. ವಾರಕ್ಕೊಮ್ಮೆ, ಜೊತೆಗೆ ಫೋಲಿಕ್ ಆಮ್ಲ, ಕೆಲವು ವಾರಗಳಿಗೆ ಪ್ರೆಡ್ನಿಸೊಲೋನ್ 7.5 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆ. ಹುಡುಕಿ ನೋಡಿದರೆ ಅದು ಕ್ಯಾನ್ಸರ್ ಔಷಧ, ಲಿವರ್ ಹಾಳಾಗುತ್ತದೆ, ಮಕ್ಕಳಾಗುವುದಿಲ್ಲ ಎಂದೆಲ್ಲ ಇದೆ. ನನಗೆ ಎರಡು ವರ್ಷದೊಳಗೆ ಇನ್ನೊಂದು ಮಗು ಬೇಕು. ಆರು ವಾರದಿಂದ ಮಾತ್ರೆ ತೆಗೆದುಕೊಂಡಿಲ್ಲ. ಪರಿಚಯದವರು ತಂದುಕೊಟ್ಟ ಒಂದು ಪುಡಿಯಿಂದ ಮೂರೇ ದಿನದಲ್ಲಿ ಊತ ಇಳಿಯಿತು, ಬಿಟ್ಟರೆ ಮತ್ತೆ ಬರುತ್ತದೆ. ಅಮ್ಮನಿಗೂ ಮಂಡಿನೋವು ಇದೆ, ಅವರು ಯಾವ ಮಾತ್ರೆಯೂ ಇಲ್ಲದೆ ಹೇಗೋ ಇದ್ದಾರೆ. ಈ ಮಾತ್ರೆ ನನಗೆ ಬೇಕೇ ಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಕಾಯಿಲೆಗಿಂತ ಔಷಧದ ಭಯವೇ ದೊಡ್ಡದಾಗಿ ಕಾಣುತ್ತದೆ. ಅದು ಸಹಜ, ಔಷಧದ ಕೆಡುಕುಗಳು ಚೀಟಿಯಲ್ಲಿ ಅಚ್ಚಾಗಿ ಬರುತ್ತವೆ, ಕಾಯಿಲೆಯ ಕೆಡುಕುಗಳು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ತೀರ್ಮಾನಿಸಲಾಗದು. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಆ ಪುಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಇದು ನಿಜಕ್ಕೂ ರುಮಟಾಯ್ಡ್ ಕೀಲುರೋಗವೇ? 2010ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ 10 ಅಂಕಗಳಿವೆ, 6 ಬಂದರೆ ಸಾಕು. ನಿಮ್ಮದನ್ನು ಕೂಡಿ ನೋಡೋಣ. ನಾಲ್ಕರಿಂದ ಹತ್ತು ಸಣ್ಣ ಕೀಲುಗಳಲ್ಲಿ ತೊಂದರೆ, 3 ಅಂಕ. ಆಂಟಿ-ಸಿಸಿಪಿ ಎಂಬ ಪ್ರತಿಕಾಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು (ನಿಮ್ಮದು ಒಂಬತ್ತು ಪಟ್ಟು), 3. ಇಎಸ್‌ಆರ್ (ಉರಿಯೂತದ ಅಳತೆ) ಏರಿದೆ, 1. ಆರು ವಾರ ದಾಟಿದೆ, 1. ಕಾಲಿನ ಕೀಲುಗಳನ್ನು ಲೆಕ್ಕಕ್ಕೆ ಹಿಡಿಯದೆಯೇ 8 ಆಯಿತು. ಊತಕ್ಕೆ ಬೇರೆ ಕಾಯಿಲೆ ಕಾರಣವಲ್ಲ ಎಂದು ಖಚಿತವಾದ ಮೇಲೆ ಹಾಕುವ ಲೆಕ್ಕವಿದು. ವೈರಸ್ ಜ್ವರಗಳ ನಂತರದ ಕೀಲೂತ, ಸೋರಿಯಾಸಿಸ್, ಲೂಪಸ್, ಹೆಪಟೈಟಿಸ್ ಸಿ ಇವನ್ನು ನಿಮ್ಮ ಡಾಕ್ಟರು ಯೋಚಿಸಿಯೇ ಇರುತ್ತಾರೆ. ಆಂಟಿ-ಸಿಸಿಪಿ ಇಷ್ಟು ಹೆಚ್ಚಿದ್ದಾಗ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

‘ಆರ್‌ಎ ಫ್ಯಾಕ್ಟರ್ ನೆಗೆಟಿವ್, ಹಾಗಾದರೆ ಆರ್‌ಎ ಇಲ್ಲ’ ಎಂದುಕೊಳ್ಳುವುದು ತುಂಬ ಸಾಮಾನ್ಯ. ತಪ್ಪು ಆ ಪರೀಕ್ಷೆಯ ಹೆಸರಿನದು. ಈ ಕಾಯಿಲೆಯಿರುವ ನೂರು ಜನರಲ್ಲಿ ಇಪ್ಪತ್ತರಿಂದ ಮೂವತ್ತು ಮಂದಿಗೆ ಅದು ನೆಗೆಟಿವ್ ಬರುತ್ತದೆ. ಕಾಯಿಲೆಯೇ ಇಲ್ಲದ ವಯಸ್ಸಾದವರಲ್ಲಿ, ದೀರ್ಘಕಾಲದ ಸೋಂಕಿರುವವರಲ್ಲಿ ಪಾಸಿಟಿವ್ ಬರುವುದೂ ಉಂಟು. ಯೂರಿಕ್ ಆಮ್ಲದ ಪರೀಕ್ಷೆ, ಆ ಆಮ್ಲದ ಹರಳು ಕೀಲಿನಲ್ಲಿ ಕೂತು ಊತ ತರುವ ಗೌಟ್‌ಗೆ ಸಂಬಂಧಿಸಿದ್ದು. ಮುಟ್ಟು ನಿಲ್ಲದ ಹೆಂಗಸರಲ್ಲಿ ಗೌಟ್ ಅಪರೂಪ. ಆ 4.8ನ್ನು ಮರೆತುಬಿಡಿ.

ಅಮ್ಮನ ಮಂಡಿನೋವಿನ ಜೊತೆ ಹೋಲಿಸಬೇಡಿ. ವಯಸ್ಸಿನೊಂದಿಗೆ ಬರುವ ಕೀಲು ಸವೆತದಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ, ನಡೆದಷ್ಟೂ ನೋವು ಹೆಚ್ಚುತ್ತದೆ, ಕೈಯಲ್ಲಿ ಬಂದರೆ ಬೆರಳ ತುದಿಗೆಣ್ಣುಗಳನ್ನು ಹಿಡಿಯುತ್ತದೆ. ನಿಮ್ಮದು ತಿರುಗುಮುರುಗು: ಬಿಗಿತ ಗಂಟೆಗಟ್ಟಲೆ, ಓಡಾಡಿದಂತೆ ಸಲೀಸು, ತುದಿಗೆಣ್ಣು ಬಿಟ್ಟು ಬುಡದ ಗೆಣ್ಣಿಗೆ ಊತ. ಅಮ್ಮನಿಗೆ ಇರುವುದು ಸವೆತವೇ ಆಗಿದ್ದರೆ, ಮಾತ್ರೆಯಿಲ್ಲದೆ ಅವರು ನಿಭಾಯಿಸುತ್ತಿರುವುದರಿಂದ ನಿಮ್ಮ ವಿಷಯದಲ್ಲಿ ಏನೂ ತಿಳಿಯುವುದಿಲ್ಲ.

ಎಕ್ಸ್-ರೇ ಚೆನ್ನಾಗಿರುವುದು ಒಳ್ಳೆಯ ಸುದ್ದಿ, ಆದರೆ ಅದರ ಅರ್ಥ ‘ಕಾಯಿಲೆ ಇಲ್ಲ’ ಎಂದಲ್ಲ, ‘ಮೂಳೆ ಇನ್ನೂ ಕೊರೆದಿಲ್ಲ’ ಎಂದು. ಐದು ತಿಂಗಳಿಗೆ ಅದು ಹಾಗೆ ಇರಬೇಕಾದದ್ದೇ. ಕೀಲಿನ ಒಳಗಿನ ಊದಿದ ಪೊರೆ ಎಕ್ಸ್-ರೇಯಲ್ಲಿ ಕಾಣದು. ಕೀಲಿನ ಅಲ್ಟ್ರಾಸೌಂಡ್‌ನಲ್ಲಿ, ಎಂಆರ್‌ಐಯಲ್ಲಿ ಕಾಣುತ್ತದೆ.

ಕೀಲಿನೊಳಗೆ ಏನಾಗುತ್ತಿದೆ

ಕೀಲಿನ ಒಳಗೋಡೆಗೆ ಒಂದು ತೆಳುಪೊರೆ ಇದೆ. ಅದರ ಒಳಪದರ ಒಂದೆರಡು ಜೀವಕೋಶಗಳಷ್ಟೇ ದಪ್ಪ. ಕೀಲಿಗೆ ಜಾರುದ್ರವ ಸುರಿಸುವುದು ಅದರ ಕೆಲಸ. ಈ ಕಾಯಿಲೆಯಲ್ಲಿ ರೋಗನಿರೋಧಕ ಕಣಗಳು ಅಲ್ಲಿಗೆ ನುಗ್ಗಿ ಬೀಡುಬಿಡುತ್ತವೆ. ಪೊರೆ ದಪ್ಪಗಾಗಿ, ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡು, ಮೃದ್ವಸ್ಥಿಯ ಅಂಚಿನಿಂದ ಒಳಕ್ಕೆ ತೆವಳುತ್ತದೆ. ಮೃದ್ವಸ್ಥಿಯ ಹೊದಿಕೆ ಮುಗಿದು ಮೂಳೆ ಬರಿದಾಗಿರುವ ಸಣ್ಣ ಅಂಚೊಂದಿದೆ. ಮೊದಲ ಕೊರೆತ ಬೀಳುವುದು ಅಲ್ಲೇ. ಕೊರೆದ ಮೂಳೆ ಹಿಂದಿನಂತೆ ತುಂಬಿಕೊಳ್ಳುವುದು ಇಲ್ಲವೆನ್ನುವಷ್ಟು ಅಪರೂಪ. ಸಡಿಲಗೊಂಡ ಕಟ್ಟುಗಳ ಮೇಲೆ ಸ್ನಾಯುರಜ್ಜುಗಳು ಎಳೆದಾಗ ಬೆರಳು ಕಿರುಬೆರಳಿನ ಕಡೆಗೆ ವಾಲುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಈ ಹಾನಿ ಬಹಳ ಜನರಲ್ಲಿ ಮೊದಲ ಎರಡು ವರ್ಷಗಳಲ್ಲೇ ಶುರುವಾಗುತ್ತದೆ, ಆಂಟಿ-ಸಿಸಿಪಿ ಹೆಚ್ಚಿರುವವರಲ್ಲಿ ಇನ್ನೂ ಬಿರುಸಾಗಿ.

ಪೊರೆಯಿಂದ ಹೊರಡುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ಕೀಲಿನಲ್ಲೇ ಉಳಿಯುವುದಿಲ್ಲ. ಅವು ನಸುಕಿನ ಹೊತ್ತಿಗೆ ಹೆಚ್ಚುವುದರಿಂದಲೇ ಬೆಳಗಿನ ಬಿಗಿತ. ಲಿವರಿಗೆ ತಲುಪಿ ಉರಿಯೂತದ ಗುರುತಾದ ಸಿಆರ್‌ಪಿ ಏರಿಸುತ್ತವೆ, ಕಬ್ಬಿಣಾಂಶವನ್ನು ಕಣಜದಲ್ಲೇ ಕೂಡಿಹಾಕಿ ರಕ್ತ ತಗ್ಗಿಸುತ್ತವೆ (ಇಂಥ ರಕ್ತಹೀನತೆಗೆ ಬರೀ ಕಬ್ಬಿಣದ ಮಾತ್ರೆ ನುಂಗಿದರೆ ಪ್ರಯೋಜನ ಕಡಿಮೆ), ವರ್ಷಗಳು ಉರುಳಿದಂತೆ ಹೃದಯದ ರಕ್ತನಾಳಗಳನ್ನು ಕೆಡಿಸುತ್ತವೆ. ಕೆಲವರಲ್ಲಿ ಶ್ವಾಸಕೋಶ, ಕಣ್ಣಿನ ಬಿಳಿಭಾಗಕ್ಕೂ ಉರಿಯೂತ ಹಬ್ಬುತ್ತದೆ. ‘ಹೇಗೋ ನೋವು ತಡೆದುಕೊಳ್ಳುತ್ತೇನೆ’ ಎಂಬ ದಾರಿಯಲ್ಲಿ ತೊಡಕಿರುವುದು ಇಲ್ಲಿ. ನೋವಿನ ಮಾತ್ರೆ ನೋವು ತಗ್ಗಿಸುತ್ತದೆಯೇ ಹೊರತು ಕೊರೆತವನ್ನು ನಿಲ್ಲಿಸುವುದಿಲ್ಲ.

ನನಗೇ ಏಕೆ ಬಂತು ಎಂದು ನೀವು ಕೇಳಿಲ್ಲ, ಮನೆಯವರು ಕೇಳುತ್ತಾರೆ. ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನ್‌ನ ಕೆಲವು ರೂಪಗಳು ನೆಲ ಹದ ಮಾಡಿಡುತ್ತವೆ. ಆದರೆ ಎಲ್ಲ ಜೀನ್‌ಗಳೂ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸುಮಾರು 15 ಪ್ರತಿಶತ ಮಾತ್ರ, ಆದ್ದರಿಂದ ಹಣೆಬರಹ ಎನ್ನುವಂತಿಲ್ಲ. ಬೀಡಿ-ಸಿಗರೇಟಿನ ಹೊಗೆ, ವಸಡಿನ ಹಳೆಯ ಸೋಂಕು ಇವು ದೇಹದ ಪ್ರೋಟೀನ್‌ಗಳ ರೂಪ ಬದಲಿಸುತ್ತವೆ. ಆರ್ಜಿನೈನ್ ಇದ್ದ ಕಡೆ ಸಿಟ್ರುಲಿನ್ ಬರುತ್ತದೆ, ದೇಹ ಅದನ್ನು ಪರಕೀಯ ಎಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ. ನಿಮ್ಮ ಆಂಟಿ-ಸಿಸಿಪಿ ಅಳೆದಿರುವುದು ಇದನ್ನೇ. ಮೊದಲ ಊತಕ್ಕೆ ವರ್ಷಗಳ ಮುಂಚೆಯೇ ಇದು ರಕ್ತದಲ್ಲಿ ಇರಬಹುದು. ತಣ್ಣೀರು ಮುಟ್ಟಿದ್ದು, ಹುಳಿ ತಿಂದದ್ದು, ಹೆರಿಗೆಯ ನಂತರ ಆರೈಕೆ ಕಡಿಮೆಯಾದದ್ದು ಇದಕ್ಕೆ ಕಾರಣವಲ್ಲ.

ಆ ಪುಡಿ

ಐದು ತಿಂಗಳ ಊತ ಮೂರು ದಿನದಲ್ಲಿ ಇಳಿದು, ಬಿಟ್ಟೊಡನೆ ಮರಳಿದರೆ ಮೊದಲು ಅನುಮಾನಿಸಬೇಕಾದದ್ದು ಸ್ಟೀರಾಯ್ಡ್. ಹೆಸರಿಲ್ಲದ ಕೀಲುನೋವಿನ ಪುಡಿ, ಗುಳಿಗೆಗಳಲ್ಲಿ ಡೆಕ್ಸಾಮೆಥಸೋನ್‌ನಂಥವನ್ನು ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಸ್ಟೀರಾಯ್ಡ್‌ನ ಈ ಚಮತ್ಕಾರ ಹಳೆಯದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಇದೇ ಕಾಯಿಲೆಯವರಿಗೆ ಕಾರ್ಟಿಸೋನ್ ಚುಚ್ಚಿದಾಗ ಹಾಸಿಗೆ ಹಿಡಿದವರು ದಿನಗಳಲ್ಲಿ ಎದ್ದು ನಡೆದರು, 1950ರಲ್ಲಿ ನೊಬೆಲ್ ಬಂತು. ಊದಿದ ಮುಖ, ಪೊಳ್ಳಾದ ಮೂಳೆ, ನಿಲ್ಲಿಸಿದರೆ ಮರುಕಳಿಸುವ ಕಾಯಿಲೆ ಇವೂ ಅದರ ಬೆನ್ನಿಗೇ ಬಂದವು.

ನಿಮ್ಮ ಡಾಕ್ಟರು ಬರೆದದ್ದೂ ಸ್ಟೀರಾಯ್ಡೇ ಅಲ್ಲವೇ? ಹೌದು. ಅದರ ಪ್ರಮಾಣ ಗೊತ್ತಿದೆ, ನಿಲ್ಲಿಸುವ ದಿನ ಗೊತ್ತಿದೆ. ಮೆಥೊಟ್ರೆಕ್ಸೇಟ್ ಕೆಲಸಕ್ಕೆ ಇಳಿಯಲು 6ರಿಂದ 12 ವಾರ ಬೇಕು, ಅಲ್ಲಿಯವರೆಗೆ ಅದೊಂದು ಕಾಲುಸಂಕ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇಳಿಸುತ್ತ ಬಂದು ನಿಲ್ಲಿಸುತ್ತಾರೆ. ಪುಡಿಯಲ್ಲಿ ಎಷ್ಟಿದೆ ಎಂಬುದು ಕೊಟ್ಟವರಿಗೂ ತಿಳಿಯದು.

ಆದರೆ ಒಂದು ಎಚ್ಚರಿಕೆ. ಒಟ್ಟು ಮೂರು ವಾರಕ್ಕಿಂತ ಹೆಚ್ಚು ದಿನ ತಿಂದಿದ್ದರೆ ನಿಮ್ಮಷ್ಟಕ್ಕೆ ನೀವೇ ಥಟ್ಟನೆ ಬಿಡಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ ಆಗಬಹುದು, ಜ್ವರವೋ ಶಸ್ತ್ರಚಿಕಿತ್ಸೆಯೋ ಜೊತೆಯಾದರೆ ಜೀವಕ್ಕೇ ಅಪಾಯ. ಎಷ್ಟು ದಿನ, ದಿನಕ್ಕೆ ಎಷ್ಟು ಚಮಚ ಎಂದು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಬೈಯುತ್ತಾರೆಂದು ಹೇಳದೆ ಬಿಡುವವರೇ ಹೆಚ್ಚು.

ಮೆಥೊಟ್ರೆಕ್ಸೇಟ್: ಯಾವ ಭಯ ನಿಜ, ಯಾವುದಲ್ಲ

ಕ್ಯಾನ್ಸರಿಗೂ ಬಳಸುತ್ತಾರೆ, ನಿಜ. ಅಲ್ಲಿ ಒಂದೇ ಸಲಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಮಿಲಿಗ್ರಾಂ ಕೊಡುವುದುಂಟು. ನಿಮಗೆ ಬರೆದದ್ದು ವಾರಕ್ಕೆ 15. ಈ ಸಣ್ಣ ಪ್ರಮಾಣದಲ್ಲಿ ಅದು ಜೀವಕೋಶ ಕೊಲ್ಲುವ ಕೆಲಸಕ್ಕಿಂತ ಹೆಚ್ಚಾಗಿ ಅಡಿನೊಸಿನ್ ಎಂಬ ಉರಿಯೂತ ತಣಿಸುವ ವಸ್ತುವನ್ನು ಹೆಚ್ಚಿಸುತ್ತದೆ. ಕೂದಲು ಸ್ವಲ್ಪ ತೆಳುವಾಗಬಹುದು, ಕೀಮೋದಂತೆ ಬೋಳಾಗುವುದಿಲ್ಲ. ಈ ಕಾಯಿಲೆಗೆ ಅಮೆರಿಕದಲ್ಲಿ 1988ರಲ್ಲಿ ಅನುಮೋದನೆ ಸಿಕ್ಕಿತು. ಇಂದಿಗೂ ಜಗತ್ತಿನೆಲ್ಲೆಡೆ ಮೊದಲು ಕೊಡುವ ಔಷಧ ಇದೇ.

ನಿಜವಾದ ಅಪಾಯ ಜನ ಹೆದರುವ ಕಡೆ ಇಲ್ಲ, ‘ವಾರಕ್ಕೊಮ್ಮೆ’ ಎಂಬ ಮಾತಿನಲ್ಲಿದೆ. ದಿನಾ ನುಂಗಿ, ರಕ್ತಕಣ ಹುಟ್ಟಿಸುವ ಮೂಳೆಮಜ್ಜೆ ಕುಸಿದು ಸತ್ತವರಿದ್ದಾರೆ. ವಾರದ ಒಂದು ದಿನ ಗೊತ್ತುಮಾಡಿ, ಆ ದಿನದ ಹೆಸರನ್ನು ಮಾತ್ರೆಯ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಫೋಲಿಕ್ ಆಮ್ಲಕ್ಕೆ ಬೇರೆ ದಿನ. ವಾರಕ್ಕೆ 5 ಮಿ.ಗ್ರಾಂ. ಸಾಮಾನ್ಯ ಪ್ರಮಾಣ, ಎರಡೂ ಹಳದಿ ಮಾತ್ರೆಗಳಾಗಿದ್ದರೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಮೆಥೊಟ್ರೆಕ್ಸೇಟ್ 2.5, 10 ಹೀಗೆ ಬೇರೆ ಬೇರೆ ಮಿ.ಗ್ರಾಂ. ಮಾತ್ರೆಗಳಾಗಿ ಬರುತ್ತದೆ. 2.5ರ ಆರು ಮಾತ್ರೆಗೆ ಒಗ್ಗಿದ ಕೈಗೆ ಅಂಗಡಿಯಿಂದ 10ರ ಪಟ್ಟಿ ಬಂದರೆ 15ರ ಬದಲು 60 ಆಗುತ್ತದೆ. ಪ್ರತಿ ಸಲ ಪಟ್ಟಿಯ ಮೇಲಿನ ಅಂಕಿ ಓದಿ. ಮರೆತರೆ ಎರಡು ದಿನದೊಳಗೆ ನುಂಗಬಹುದು. ಅದಕ್ಕಿಂತ ತಡವಾದರೆ ಆ ವಾರ ಬಿಟ್ಟುಬಿಡಿ, ಮುಂದಿನ ವಾರ ಎರಡು ಪಾಲು ಬೇಡ. ತಪ್ಪಿ ದಿನಾ ನುಂಗಿದ್ದು ಗೊತ್ತಾದರೆ ಆರಾಮಾಗಿದ್ದೇನೆ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಫೋಲಿನಿಕ್ ಆಮ್ಲ ಎಂಬ ಮಾರುಮದ್ದಿದೆ, ಬೇಗ ಕೊಟ್ಟಷ್ಟೂ ಗುಣ.

ಲಿವರ್ ವಿಷಯ ಕಲ್ಪನೆಯಲ್ಲ, ಆದರೆ ಹಿಡಿತಕ್ಕೆ ಸಿಗುವಂಥದ್ದು. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ, ಲಿವರಿನ ಎಎಲ್‌ಟಿ-ಎಎಸ್‌ಟಿ, ಮೂತ್ರಪಿಂಡದ ಕ್ರಿಯೇಟಿನಿನ್ ನೋಡುತ್ತಾರೆ. ಎಎಲ್‌ಟಿ ತುಸು ಏರಿದರೆ ಪ್ರಮಾಣ ಇಳಿಸುತ್ತಾರೆ, ಮಿತಿಯ ಮೂರು ಪಟ್ಟು ದಾಟಿದರೆ ನಿಲ್ಲಿಸುತ್ತಾರೆ. ಹೆಚ್ಚಿನವರಲ್ಲಿ ಮತ್ತೆ ಇಳಿಯುತ್ತದೆ. ಮದ್ಯ, ಬೊಜ್ಜು, ಸಕ್ಕರೆ ಕಾಯಿಲೆ, ಕೊಬ್ಬಿದ ಲಿವರ್ ಇದ್ದರೆ ಅಪಾಯ ಹೆಚ್ಚು. ತೂಗಿ ನೋಡಬೇಕಾದದ್ದು ಇದನ್ನೇ: ಔಷಧದ ಹಾನಿ ಬಹುಪಾಲು ರಕ್ತಪರೀಕ್ಷೆಯಲ್ಲಿ ಮುಂಚೆಯೇ ಕಾಣುತ್ತದೆ, ನಿಲ್ಲಿಸಿದರೆ ಹಿಂದೆಗೆಯುತ್ತದೆ. ಮೂಳೆ ಕೊರೆತ ಕಾಣುವ ಹೊತ್ತಿಗೆ ಆಗಿಹೋಗಿರುತ್ತದೆ.

ಹೆಚ್ಚಿನವರು ಮಾತ್ರೆ ಬಿಡುವುದು ಲಿವರಿಗಾಗಿ ಅಲ್ಲ, ಮರುದಿನದ ಹೊಟ್ಟೆ ತೊಳಸುವಿಕೆಗಾಗಿ. ಅದಕ್ಕೆ ದಾರಿಗಳಿವೆ. ರಾತ್ರಿ ಊಟವಾದ ಮೇಲೆ ನುಂಗಿ. ಒಂದೇ ದಿನದೊಳಗೆ ಎರಡು ಪಾಲು ಮಾಡಬಹುದು. ಫೋಲಿಕ್ ಆಮ್ಲ ಹೆಚ್ಚಿಸಬಹುದು. ಆಗಲೂ ಆಗದಿದ್ದರೆ ಚರ್ಮದಡಿಯ ಚುಚ್ಚುಮದ್ದು. 15 ಮಿ.ಗ್ರಾಂ. ಮೀರಿದ ಮೇಲೆ ಬಾಯಿಂದ ಹೀರಿಕೆ ಕುಂದುವುದರಿಂದ ಚುಚ್ಚುಮದ್ದಿಗೆ ಬದಲಾಯಿಸುವುದು ಹೇಗೂ ಇದೆ. ಇವನ್ನೆಲ್ಲ ಡಾಕ್ಟರಿಗೆ ಕೇಳಿ ಮಾಡಿ.

ಬಾಯಿಹುಣ್ಣು, ಜ್ವರ, ಗಂಟಲುನೋವು, ಕಾರಣವಿಲ್ಲದ ಕಂದುಗಲೆ, ಹೊಸದಾಗಿ ಒಣಕೆಮ್ಮು ಮತ್ತು ಏದುಸಿರು, ನಿಲ್ಲದ ವಾಂತಿ-ಭೇದಿ: ಇವುಗಳಲ್ಲಿ ಯಾವುದು ಬಂದರೂ ಆ ವಾರದ ಮಾತ್ರೆ ನುಂಗದೆ ಅಂದೇ ಡಾಕ್ಟರನ್ನು ಕಾಣಿ. ಬೇರೆ ಯಾವ ಕಾಯಿಲೆಗೆ ಯಾರ ಬಳಿ ಹೋದರೂ ಮೆಥೊಟ್ರೆಕ್ಸೇಟ್ ಹೆಸರು ಹೇಳಿ. ಮುಖ್ಯವಾಗಿ ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್ ಇದರ ಜೊತೆ ಸೇರಿದರೆ ಮಜ್ಜೆ ಕುಸಿಯಬಹುದು.

ಮಗುವಿನ ಮಾತು

ಮೆಥೊಟ್ರೆಕ್ಸೇಟ್ ಇರುವಾಗ ಗರ್ಭ ನಿಲ್ಲಬಾರದು. ಗರ್ಭಪಾತಕ್ಕೂ ಭ್ರೂಣದ ವಿಕೃತಿಗೂ ಅದು ಕಾರಣವಾಗುತ್ತದೆ, ಇದರಲ್ಲಿ ರಾಜಿಯಿಲ್ಲ. ಆದರೆ ‘ಮುಂದೆ ಮಕ್ಕಳೇ ಆಗುವುದಿಲ್ಲ’ ಎಂಬುದು ಬೇರೆ ಮಾತು. ವಾರದ ಈ ಪ್ರಮಾಣ ಗರ್ಭ ಧರಿಸುವ ಶಕ್ತಿಯನ್ನು ಶಾಶ್ವತವಾಗಿ ಕುಗ್ಗಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಹತೋಟಿ ತಪ್ಪಿದ ಕಾಯಿಲೆಯೇ ಗರ್ಭಧಾರಣೆಯನ್ನು ತಡಮಾಡುತ್ತದೆ.

ಎರಡು ವರ್ಷ ನಿಮ್ಮ ಕೈಯಲ್ಲಿದೆ ಎಂದರೆ ಲೆಕ್ಕ ಹೀಗೆ ಕೂಡುತ್ತದೆ. ಮೊದಲ ಆರರಿಂದ ಹನ್ನೆರಡು ತಿಂಗಳು ಭರವಸೆಯ ಗರ್ಭನಿರೋಧಕ ಇಟ್ಟುಕೊಂಡು ಕಾಯಿಲೆಯನ್ನು ಪೂರ್ತಿ ತಣಿಸುವುದು. ಆಮೇಲೆ ಮೆಥೊಟ್ರೆಕ್ಸೇಟ್ ಬಿಟ್ಟು ಸಲ್ಫಸಲಜಿನ್, ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಬದಲಾಯಿಸುವುದು. ಇವೆರಡನ್ನೂ ಗರ್ಭದಲ್ಲಿ ಮುಂದುವರಿಸಬಹುದು. ಬಿಟ್ಟ ಮೇಲೆ ಒಂದರಿಂದ ಮೂರು ತಿಂಗಳ ಅಂತರ ಬೇಕು, ಬಹಳ ವೈದ್ಯರು ಮೂರನ್ನೇ ಹೇಳುತ್ತಾರೆ. ಆ ಹೊತ್ತಿಗೆ ಹೊಸ ಔಷಧಗಳಲ್ಲಿ ಕೀಲು ಶಾಂತವಾಗಿವೆಯೇ ಎಂಬುದೂ ತಿಳಿಯುತ್ತದೆ. ಫೋಲಿಕ್ ಆಮ್ಲ ಬಿಡುವಂತಿಲ್ಲ. ಸಾಲದಿದ್ದರೆ ಗರ್ಭದುದ್ದಕ್ಕೂ ಕೊಡಬಹುದಾದ ಸರ್ಟೊಲಿಜುಮಾಬ್‌ನಂಥ ಚುಚ್ಚುಮದ್ದಿದೆ. ಲೆಫ್ಲುನೊಮೈಡ್ ಮಾತ್ರ ನಿಮ್ಮ ಪಟ್ಟಿಯಲ್ಲಿ ಬೇಡ; ಬಿಟ್ಟ ಮೇಲೂ ಅದರ ಅಂಶ ಎರಡು ವರ್ಷದವರೆಗೆ ದೇಹದಲ್ಲಿ ಉಳಿಯಬಹುದು. ಗರ್ಭದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಕೀಲುನೋವು ತಾನಾಗಿ ತಗ್ಗುತ್ತದೆ, ಹೆರಿಗೆಯಾದ ಕೆಲವು ತಿಂಗಳಲ್ಲಿ ಮರಳುವುದೂ ಅಷ್ಟೇ ಸಾಮಾನ್ಯ. ಮಗು ಎತ್ತಿಕೊಳ್ಳುವ ಕೈಗೆ ಆಗಲೇ ಬಲ ಬೇಕು, ಹಾಲೂಡಿಸುವಾಗ ಯಾವ ಔಷಧ ಎಂದು ಹೆರಿಗೆಗೆ ಮುಂಚೆಯೇ ಮಾತಾಡಿಕೊಳ್ಳಿ.

ಮಗು ಬೇಗ ಬೇಕೆಂದು ಈಗಲೇ ಸಲ್ಫಸಲಜಿನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್‌ನಿಂದ ಶುರುಮಾಡುವುದೂ ಒಂದು ಆಯ್ಕೆಯೇ. ನಿಮ್ಮಷ್ಟು ಆಂಟಿ-ಸಿಸಿಪಿ ಇರುವವರಿಗೆ ಅದು ಸಾಲದೆ ಹೋಗುವ ಸಂಭವ ಹೆಚ್ಚು, ಅಷ್ಟೆ. ಹೈಡ್ರಾಕ್ಸಿಕ್ಲೋರೊಕ್ವಿನ್ ದಿನಕ್ಕೆ ಕಿಲೋ ತೂಕಕ್ಕೆ 5 ಮಿ.ಗ್ರಾಂ. ಮೀರಬಾರದು, ಕಣ್ಣಿನ ಪರದೆಯ ಪರೀಕ್ಷೆ ಶುರುವಿನಲ್ಲೊಮ್ಮೆ, ಐದು ವರ್ಷದ ನಂತರ ಪ್ರತಿವರ್ಷ.

ಮಾತ್ರೆ ಸಾಲದಿದ್ದರೆ

ಮೂರು ತಿಂಗಳಿಗೆ ಅರ್ಧದಷ್ಟಾದರೂ ಇಳಿಯಬೇಕು, ಆರು ತಿಂಗಳಿಗೆ ಊತವೇ ಇಲ್ಲವೆನ್ನುವ ಹಂತ ತಲುಪಬೇಕು. 28 ಕೀಲುಗಳನ್ನು ಒತ್ತಿ ನೋಡಿ ಹಾಕುವ ಡಿಎಎಸ್-28 ಎಂಬ ಅಂಕ 2.6ಕ್ಕಿಂತ ಕೆಳಗೆ ಬರುವುದು ಗುರಿ. ಬರದಿದ್ದರೆ ಔಷಧ ಬದಲಿಸಬೇಕು, ‘ಇನ್ನೂ ಸ್ವಲ್ಪ ನೋಡೋಣ’ ಎಂದು ವರ್ಷ ಕಳೆಯಬಾರದು. ಮುಂದಿನ ಮೆಟ್ಟಿಲು ಎರಡು-ಮೂರು ಮಾತ್ರೆಗಳ ಜೋಡಣೆ ಅಥವಾ ಅಡಾಲಿಮುಮಾಬ್, ಎಟನರ್ಸೆಪ್ಟ್‌ನಂಥ ಜೈವಿಕ ಔಷಧ. ಇವು ಅಡಗಿ ಕುಳಿತ ಕ್ಷಯವನ್ನು ಎಬ್ಬಿಸಬಹುದು, ಆದ್ದರಿಂದ ಕ್ಷಯದ ಪರೀಕ್ಷೆಯಿಲ್ಲದೆ ಕೊಡುವಂತಿಲ್ಲ. ಟೊಫಾಸಿಟಿನಿಬ್‌ನಂಥ ಜಾಕ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳೂ ಇವೆ. ಐವತ್ತು ದಾಟಿದ, ಹೃದ್ರೋಗದ ಅಪಾಯವಿರುವವರಲ್ಲಿ ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್ ಹೆಚ್ಚು ಕಂಡದ್ದರಿಂದ 2021ರಲ್ಲಿ ಎಚ್ಚರಿಕೆ ಬಂತು. ಗರ್ಭದ ಯೋಚನೆಯಿರುವ ನಿಮಗೆ ಅವು ಹೊಂದುವುದಿಲ್ಲ.

ಜೀವನಪೂರ್ತಿಯೇ? ಸ್ಟೀರಾಯ್ಡ್ ಮೊದಲು ಹೋಗುತ್ತದೆ. ಆರು ತಿಂಗಳಿಗೂ ಮೀರಿ ಶಾಂತವಾಗಿದ್ದರೆ ಉಳಿದದ್ದನ್ನು ನಿಧಾನಕ್ಕೆ ಇಳಿಸಿ ನೋಡಬಹುದು. ಆಂಟಿ-ಸಿಸಿಪಿ ಇರುವವರು ಪೂರ್ತಿ ಬಿಟ್ಟರೆ ಬಹುಪಾಲು ಮರುಕಳಿಸುತ್ತದೆ, ಆದ್ದರಿಂದ ‘ಎರಡು ವರ್ಷದ ಕೋರ್ಸ್’ ಎಂಬ ಮಾತು ಕೊಡುವವರನ್ನು ನಂಬಬೇಡಿ.

ಪಥ್ಯದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಟೊಮೆಟೊ, ಬದನೆ ಬಿಟ್ಟರೆ ಕಾಯಿಲೆ ಹೋಗದು. ಮೀನೆಣ್ಣೆಯಿಂದ ನೋವು ತುಸು ತಗ್ಗುತ್ತದೆ, ಕೊರೆತ ನಿಲ್ಲದು. ಹೊಗೆ ಬಿಡುವುದು, ವಸಡು ಸರಿಮಾಡಿಸಿಕೊಳ್ಳುವುದು ಅದಕ್ಕಿಂತ ಮುಖ್ಯ. ಊದಿದ ಕೀಲಿಗೆ ಕೆಲವು ದಿನ ಪಟ್ಟಿ ಕಟ್ಟಿ ವಿಶ್ರಾಂತಿ ಕೊಡಿ, ಉಳಿದ ದೇಹವನ್ನು ದುಡಿಸಿ. ಭಾರವನ್ನು ಬೆರಳಲ್ಲಿ ನೇತುಹಾಕಿಕೊಳ್ಳದೆ ಮುಂಗೈ ಮೇಲೆ ಹೊರಿ, ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಿರುಚದೆ ಅಂಗೈ ಒತ್ತಿ ತಿರುಗಿಸಿ.

ಈಗ ಮಾಡಬೇಕಾದದ್ದು: ಚೀಟಿ ಬರೆದು ಆರು ವಾರವಾಗಿರುವುದರಿಂದ ಮನೆಯಲ್ಲಿರುವ ಮಾತ್ರೆಯನ್ನು ಇವತ್ತೇ ನುಂಗಿಬಿಡಬೇಡಿ. ರಕ್ತಕಣಗಳ ಎಣಿಕೆ, ಲಿವರ್, ಮೂತ್ರಪಿಂಡ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್-ರೇ ಆಗಿವೆಯೇ ನೋಡಿ, ಗರ್ಭವಿಲ್ಲ ಎಂಬ ಪರೀಕ್ಷೆಯನ್ನು ಹೊಸದಾಗಿ ಮಾಡಿಸಿ, ಅದೇ ಡಾಕ್ಟರ ಬಳಿ ಈ ವಾರವೇ ಹೋಗಿ. ಪುಡಿಯ ಪೊಟ್ಟಣವನ್ನು ಎಸೆಯದೆ ಜೊತೆಗೆ ಒಯ್ಯಿರಿ. ಪ್ರೆಡ್ನಿಸೊಲೋನ್ ಎಷ್ಟರಿಂದ ಶುರುಮಾಡಬೇಕೆಂದು ಅವರು ಮತ್ತೆ ಲೆಕ್ಕ ಹಾಕಬೇಕಾಗಬಹುದು.